ಏಳು ದಿನದೊಳಗೆ ಉತ್ತರ

ನಾನು ಬರುತ್ತೇನೆಂದು ಗೊತ್ತಾದರೆ ಜನ ಕಿಟಕಿ ಒರೆಸುತ್ತಾರೆ. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಎಲ್ಲರೂ ಕಿಟಕಿಯನ್ನೇ ಒರೆಸುತ್ತಾರೆ. ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಆರೈಕೆಯ ಕೆಲಸ ಸರಿಯಾಗಿ ನಡೆಯುತ್ತಿದೆಯೇ, ಅದರಲ್ಲಿ ಯಾರಿಗಾದರೂ ಅಪಾಯವಿದೆಯೇ ಎಂದು ಪರಿಶೀಲಿಸುವುದು ನನ್ನ ಕೆಲಸ. ಕಿಟಕಿ ಕಟ್ಟಿಕೊಂಡು ನನಗೇನು? ನಾನು ಮೊದಲು ಹೊದಿಕೆ ಎತ್ತಿ ರೋಗಿಯ ಹಿಮ್ಮಡಿ ನೋಡುತ್ತೇನೆ. ಹಾಸಿಗೆಹುಣ್ಣು ಶುರುವಾಗುವುದು ಅಂಥ ಜಾಗದಲ್ಲೇ. ಯಾರ ಮನೆಯಲ್ಲೂ ಕಾಫಿ ಕುಡಿಯುವುದಿಲ್ಲ. ಜಿಲ್ಲೆಯ ಆರೈಕೆಯವರೆಲ್ಲ ನನ್ನನ್ನು ಬೆನ್ನ ಹಿಂದೆ ‘ನೀರೂ ಮುಟ್ಟದ ತೋನೆವಾ’ ಎಂದು ಕರೆಯುತ್ತಾರೆಂದು ನನಗೆ ಗೊತ್ತಿತ್ತು. ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಡ್ಯಾನ್ಯೂಬ್ ನದಿಯ ದಡದ ಆ ಊರಿಗೆ ಹೋದದ್ದು ಮೇ ಎರಡನೆಯ ವಾರ. ಸೇಂಟ್ ಜಾರ್ಜ್ ಹಬ್ಬ ಮುಗಿದು ಐದಾರು ದಿನವಾಗಿದ್ದರೂ ಕಟ್ಟಡಗಳ ಮೆಟ್ಟಿಲುಗಳಲ್ಲಿ ಹಬ್ಬಕ್ಕೆ ಹುರಿದ ಕುರಿಮರಿಯ ವಾಸನೆ ಇನ್ನೂ ಹೋಗಿರಲಿಲ್ಲ. ಪುರಸಭೆಯ ಆರೈಕೆ ಕಚೇರಿಯ ಮುಖ್ಯಸ್ಥ ಕ್ರಸ್ತಾನೊವ್ ಬಾಗಿಲಲ್ಲೇ ಕಾದಿದ್ದ. ನಲವತ್ತರ ಆಸುಪಾಸಿನ, ಮಾತಿಗೆ ಮುಂಚೆ ನಗುವ ಮನುಷ್ಯ.

“ಬನ್ನಿ ಮೇಡಂ. ಬಾನಿತ್ಸಾ ಬಿಸಿಬಿಸಿ ಇದೆ, ನಮ್ಮ ಮನೆಯವಳು ಬೆಳಿಗ್ಗೆ ಎದ್ದು ಚೀಸ್ ತುಂಬಿ ಮಾಡಿದ್ದು. ಇದನ್ನೂ ಲಂಚ ಅಂತ ಬರ್ಕೋಬೇಡಿ ಮತ್ತೆ.”

“ಫೈಲು ಕೊಡಿ,” ಎಂದೆ.

ಫೈಲುಗಳು ಚೆನ್ನಾಗಿದ್ದವು. ರೋಗಿಗಳಾಗಲಿ ಆರೈಕೆಯವರಾಗಲಿ ಮನವಿ ಕೊಟ್ಟರೆ ಏಳು ದಿನದೊಳಗೆ ಲಿಖಿತ ಉತ್ತರ ಹೋಗಬೇಕೆಂಬುದು ನಿಯಮ. ಬೇರೆ ಊರುಗಳಲ್ಲಿ ಮನವಿಗಳು ತಿಂಗಳುಗಟ್ಟಲೆ ಕೊಳೆಯುತ್ತಿರುತ್ತವೆ. ಇಲ್ಲಿ ನಲವತ್ತೊಂದು ಮನವಿ, ನಲವತ್ತೊಂದು ಉತ್ತರ, ಒಂದೂ ಏಳು ದಿನ ದಾಟಿರಲಿಲ್ಲ. ನಾನು ಮನವಿ ಬಂದ ದಿನಾಂಕ ನೋಡಿದೆ, ಉತ್ತರ ಹೋದ ದಿನಾಂಕ ನೋಡಿದೆ, ಹಸಿರು ಪೆನ್ನಿನಲ್ಲಿ ಗುರುತು ಹಾಕುತ್ತ ಹೋದೆ. ಹನ್ನೊಂದು ವರ್ಷದಲ್ಲಿ ನನ್ನ ನಮೂನೆಯ ಆ ಸಾಲಿಗೆ ಪೂರ್ತಿ ಅಂಕ ಕೊಟ್ಟದ್ದು ಅದೇ ಮೊದಲು. ಕ್ರಸ್ತಾನೊವ್‌ಗೆ ಹಾಗೆಂದು ಹೇಳಿದೆ ಕೂಡ. ಅವನ ಮುಖ ಅರಳಿತು.

ಮಧ್ಯಾಹ್ನ ಮನೆಗಳ ಭೇಟಿ. ಮೂರನೆಯ ಮನೆ ಬಂದರಿನ ಹಿಂದಿನ ಹಳೆಯ ವಸತಿ ಕಟ್ಟಡದಲ್ಲಿ, ನಾಲ್ಕನೆಯ ಮಹಡಿ. ಲಿಫ್ಟ್ ಇಲ್ಲ. ಆರೈಕೆಯ ಹೆಂಗಸು ದಾಫಿನ್ಕಾ ನನಗಿಂತ ಮುಂದೆ ಏದುಸಿರು ಬಿಡುತ್ತ ಹತ್ತಿದಳು. ಗಿಡ್ಡ, ಮೈಕೈ ತುಂಬಿದ ಹೆಂಗಸು, ಐವತ್ತು ದಾಟಿತ್ತು. ಆರು ವರ್ಷದಿಂದ ದಿನಕ್ಕೆ ಎರಡು ಸಲ ಆ ಮೆಟ್ಟಿಲು ಹತ್ತುತ್ತಿದ್ದಳಂತೆ, ಭಾನುವಾರ ರಜೆಯಿದ್ದರೂ ಬರುತ್ತಿದ್ದಳಂತೆ.

ಒಳಗೆ ಮಂಚದ ಮೇಲೆ ವೆಲಿಕಾ ಅಜ್ಜಿ. ಎಂಬತ್ತಾರು ವರ್ಷ. ಮದುವೆಯಾಗಿರಲಿಲ್ಲ. ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನ್ ಓಡಿಸಿದವಳು. ಹೃದಯ ಸೋತಿತ್ತು, ಕಾಲು ಎರಡು ವರ್ಷದಿಂದ ನೆಲ ಮುಟ್ಟಿರಲಿಲ್ಲ, ಬಾಯಿ ಮಾತ್ರ ಗಟ್ಟಿಯಾಗಿತ್ತು.

“ಇವಳೇನಾ ಆ ಪೊಲೀಸಮ್ಮ?”

“ಪೊಲೀಸ್ ಅಲ್ಲ ದೊಡ್ಡಮ್ಮ, ತಪಾಸಣೆ ಮೇಡಂ,” ಎಂದಳು ದಾಫಿನ್ಕಾ.

“ಎರಡಕ್ಕೂ ಏನು ವ್ಯತ್ಯಾಸ? ಇಬ್ರೂ ಮೊದ್ಲು ಮಂಚದ ಕೆಳಗೇ ಬಗ್ಗೋದು.” ನಾನು ಆಗ ನಿಜವಾಗಿಯೂ ಮಂಚದ ಕೆಳಗೆ ಬಗ್ಗಿದ್ದೆ. “ನೋಡಮ್ಮ, ಚೆನ್ನಾಗಿ ನೋಡು. ಕ್ರೇನ್ ಮೇಲೆ ಕೂತಾಗ ನಂಗೆ ಆಚೆ ದಡದ ರೊಮೇನಿಯಾದವರ ಅಡುಗೆಮನೆ ಒಳಗೆ ಕಾಣಿಸ್ತಿತ್ತು. ಈಗ ನನ್ನ ಕಿಟಕಿ ನೋಡು. ಗೋಡೆ. ಎದುರು ಕಟ್ಟಡದವರು ಒಗೆದ ಚಡ್ಡಿನೂ ಕಾಣಲ್ಲ.”

ಹಿಮ್ಮಡಿ ಸ್ವಚ್ಛ. ಬೆನ್ನು ಸ್ವಚ್ಛ. ಮಾತ್ರೆಯ ಡಬ್ಬಿ ದಿನದ ಪ್ರಕಾರ ಜೋಡಿಸಿತ್ತು. ದಾಫಿನ್ಕಾ ಕಾಫಿ ತಂದಳು, ನಾನು ಬೇಡವೆಂದೆ. ಆಗ ಅಜ್ಜಿಯ ಎಡಗೈ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಪಟ್ಟಿ ಕಾಣಿಸಿತು.

“ಇದೇನು?”

“ಏನಿಲ್ಲ ಮೇಡಂ. ದಾರ ಉಜ್ಜದೇ ಇರ್ಲಿ ಅಂತ,” ಎಂದಳು ದಾಫಿನ್ಕಾ. ಅವಳ ಸ್ವರ ಬದಲಾಗಿತ್ತು.

ಪಟ್ಟಿ ಬಿಚ್ಚಿದೆ. ಊದಿದ ಕೈಯೊಳಗೆ ಮಾರ್ಚ್ ತಿಂಗಳ ದಾರ ಹೂತುಹೋಗಿತ್ತು. ಸುತ್ತಲೂ ಚರ್ಮ ಒಡೆದು ಕೀವು ಕಟ್ಟಿತ್ತು. ವಾಸನೆ ಬರುತ್ತಿತ್ತು.

ಮಾರ್ಚ್ ಒಂದರಂದು ನಾವೆಲ್ಲ ಒಬ್ಬರಿಗೊಬ್ಬರು ಕೈಗೆ ಕೆಂಪು ಬಿಳಿ ದಾರ ಕಟ್ಟುತ್ತೇವೆ. ಕೊಕ್ಕರೆಯೋ ಹೂಬಿಟ್ಟ ಮರವೋ ಕಣ್ಣಿಗೆ ಬಿದ್ದ ದಿನ ಬಿಚ್ಚಿ ಮರಕ್ಕೆ ಕಟ್ಟುತ್ತೇವೆ. ಬಿಚ್ಚಬೇಕು, ಕತ್ತರಿ ಹಾಕಬಾರದು. ಕತ್ತರಿ ಹಾಕಿದರೆ ಕಟ್ಟಿಸಿಕೊಂಡವರ ಆಯುಷ್ಯಕ್ಕೇ ಹಾಕಿದ ಹಾಗೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ನನ್ನ ದಾರವನ್ನು ನಾನು ಮಾರ್ಚ್ ಕೊನೆಗೇ ಒಂದು ಬಾದಾಮಿ ಮರಕ್ಕೆ ಕಟ್ಟಿ ಮರೆತಿದ್ದೆ.

“ಇದು ಮೇ ತಿಂಗಳು,” ಎಂದೆ ದಾಫಿನ್ಕಾಗೆ.

“ನಾನು ಮರ ನೋಡಿಲ್ಲ,” ಎಂದಳು ಅಜ್ಜಿ.

“ಪ್ಲಮ್ ಕೊಂಬೆ ತಂದ್ಕೊಟ್ಟೆ ಮೇಡಂ, ಮೈತುಂಬ ಹೂವಿತ್ತು. ಒಪ್ಪಲಿಲ್ಲ. ಫೋನಲ್ಲಿ ಕೊಕ್ಕರೆ ತೋರಿಸ್ದೆ, ಅದಕ್ಕೂ ಬೈದ್ರು.”

“ಕಿತ್ತ ಕೊಂಬೆ ಮರ ಆಗತ್ತೇನೇ? ಅದು ಹೆಣ. ಕೆಳಗೆ ಅಂಗಳದಲ್ಲಿ ನನ್ನ ಸೇಬಿನ ಮರ ಇದೆ. ಈ ಕಟ್ಟಡ ಕಟ್ಟಿದ ವರ್ಷ ನಾನೇ ನೆಟ್ಟಿದ್ದು. ಅದನ್ನ ನೋಡಿ ನಾನೇ ಬಿಚ್ತೀನಿ. ಬೇರೆಯವರು ಕೈ ಹಾಕೋದು ಬೇಡ.”

ನಾನು ಚೀಲದಿಂದ ಕತ್ತರಿ ತೆಗೆದೆ. ದಾಫಿನ್ಕಾ ನನ್ನ ಮುಂಗೈ ಹಿಡಿದುಕೊಂಡಳು.

“ಕತ್ತರಿ ಬೇಡ ಮೇಡಂ. ಸೂಜಿ ತಗೊಂಡು ಗಂಟು ಬಿಡಿಸ್ತೀನಿ. ಹತ್ತು ನಿಮಿಷ ಕೊಡಿ.”

“ಎರಡು ತಿಂಗಳು ಇತ್ತಲ್ಲ ನಿಮಗೆ.”

“ನಾನು ಕೇಳಿದ್ದೆ ಮೇಡಂ. ಆಫೀಸಲ್ಲಿ ಕೇಳಿದ್ದೆ.”

ಏನು ಕೇಳಿದ್ದೆ ಎಂದು ನಾನು ವಿಚಾರಿಸಲಿಲ್ಲ. ತಪ್ಪು ಸಿಕ್ಕಿಬಿದ್ದಾಗ ಎಲ್ಲರೂ ಆಫೀಸಿನ ಹೆಸರು ಹೇಳುತ್ತಾರೆ, ಹನ್ನೊಂದು ವರ್ಷದಲ್ಲಿ ಎಷ್ಟು ಜನರನ್ನು ಕಂಡಿಲ್ಲ. ಅವಳ ಕೈ ಬಿಡಿಸಿಕೊಂಡು ದಾರ ಕತ್ತರಿಸಿದೆ. ಅಜ್ಜಿ ಕೂಗಲಿಲ್ಲ, ಬೈಯಲೂ ಇಲ್ಲ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವಳು ಕಿಟಕಿಯಾಚೆಯ ಗೋಡೆ ನೋಡುತ್ತ ಮಲಗಿಬಿಟ್ಟಳು. ದಾರ, ಕೀವಿನ ಪಟ್ಟಿ ಎಲ್ಲವನ್ನೂ ಕಸದ ಚೀಲಕ್ಕೆ ಹಾಕಿದೆ. ಕರೆಸಿದ ಡಾಕ್ಟರು ನೋಡಿ, ಇನ್ನೊಂದು ವಾರ ಬಿಟ್ಟಿದ್ದರೆ ಕೈಯೇ ಹೋಗುತ್ತಿತ್ತು ಎಂದರು. ನಾನು ಮಾಡಿದ್ದು ಸರಿಯೇ ಎಂದುಕೊಂಡೆ. ವರದಿಯಲ್ಲಿ ‘ಆರೈಕೆಯವರ ಗಂಭೀರ ನಿರ್ಲಕ್ಷ್ಯ’ ಎಂದು ಬರೆದೆ. ಮೂರೇ ದಿನದಲ್ಲಿ ಕ್ರಸ್ತಾನೊವ್ ಫೋನು ಮಾಡಿದ.

“ಕ್ರಮ ತಗೊಂಡಾಯ್ತು ಮೇಡಂ. ಅವಳನ್ನ ತೆಗೆದ್ವಿ. ಇನ್ನು ಯಾವ ಊರಲ್ಲೂ ಅವಳಿಗೆ ಈ ಕೆಲಸ ಸಿಗದ ಹಾಗೆ ಹೆಸರೂ ಕಳಿಸಿದೀವಿ.”

“ಒಳ್ಳೆಯದು,” ಎಂದೆ. ಹೌದು, ಅದೇ ಮಾತು ಹೇಳಿದೆ.

ತಪ್ಪು ಸಿಕ್ಕ ಮನೆಗೆ ಒಂದು ತಿಂಗಳಾದ ಮೇಲೆ ಮತ್ತೆ ಹೋಗಬೇಕು. ಹೋಗುವುದಕ್ಕೆ ಮೊದಲು ಮೇಲಿನವರು ಹೊಸದೊಂದು ನಮೂನೆ ಕಳಿಸಿದ್ದರು: ಆ ಮನೆಗೆ ಸಂಬಂಧಿಸಿದ ಮನವಿಗಳ ಸಾರಾಂಶ ಬರೆಯಬೇಕಂತೆ. ಹೊಸ ತಲೆನೋವು ಎಂದು ಗೊಣಗುತ್ತ ಫೈಲಿನ ನಕಲು ತೆಗೆದೆ. ಇದ್ದದ್ದು ಮೂರು ಮನವಿ, ಮೂರೂ ದಾಫಿನ್ಕಾಳ ಕೈಬರಹ. ದಪ್ಪ ದಪ್ಪ ಅಕ್ಷರ, ಶಾಲೆಯ ಹುಡುಗಿಯ ಹಾಗೆ ಗೆರೆ ಬಿಡದೆ ಬರೆದಿದ್ದಳು.

ಮಾರ್ಚ್ ಇಪ್ಪತ್ತರದು: ‘ವೆಲಿಕಾ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗೆ ಇಳಿಸಿ, ಸೇಬಿನ ಮರ ಹೂಬಿಟ್ಟಾಗ ಹತ್ತು ನಿಮಿಷ ತೋರಿಸಬೇಕು. ನಾನೊಬ್ಬಳೇ ಎತ್ತಲಾರೆ. ಇನ್ನೊಬ್ಬರನ್ನು ಕೊಡಿ.’ ಉತ್ತರ ಆರನೆಯ ದಿನ: ಮೆಟ್ಟಿಲಲ್ಲಿ ಹೊತ್ತು ಇಳಿಸುವುದು ನಮ್ಮ ಸೇವೆಯಲ್ಲಿ ಸೇರಿಲ್ಲ.

ಏಪ್ರಿಲ್ ಒಂಬತ್ತರದು: ‘ಪಕ್ಕದ ಮನೆಯ ಇಬ್ಬರು ಗಂಡಸರು ಹೊರಲು ಒಪ್ಪಿದ್ದಾರೆ. ವೆಲಿಕಾ ಅವರ ಕೈ ಊದುತ್ತಿದೆ, ದಾರ ಬಿಗಿಯುತ್ತಿದೆ, ಬಿಚ್ಚಲು ಬಿಡುತ್ತಿಲ್ಲ. ಮರ ತೋರಿಸಿದರೆ ತಾವೇ ಬಿಚ್ಚುತ್ತಾರೆ. ದಯವಿಟ್ಟು ಒಪ್ಪಿಗೆ ಕೊಡಿ.’ ಉತ್ತರ ಐದನೆಯ ದಿನ: ಹೊರಗಿನವರು ರೋಗಿಯನ್ನು ಮುಟ್ಟುವುದು ಸುರಕ್ಷಿತವಲ್ಲ, ಮುಟ್ಟಿಸಿದರೆ ನೀವೇ ಹೊಣೆ.

ಏಪ್ರಿಲ್ ಇಪ್ಪತ್ತನಾಲ್ಕರದು: ‘ಮರ ಹೂಬಿಟ್ಟಿದೆ. ಒಂದು ವಾರ ಇದ್ದೀತು. ಅದಾಗದಿದ್ದರೆ ನರ್ಸನ್ನಾದರೂ ಕಳಿಸಿ, ನನಗೆ ಹೆದರಿಕೆಯಾಗುತ್ತಿದೆ.’ ಉತ್ತರ ಆರನೆಯ ದಿನ: ಮೇ ತಿಂಗಳಲ್ಲಿ ತಪಾಸಣೆ ಇರುವುದರಿಂದ ಎಲ್ಲ ವಿಶೇಷ ಮನವಿಗಳನ್ನು ತಪಾಸಣೆ ಮುಗಿದ ಮೇಲೆ ಪರಿಗಣಿಸಲಾಗುವುದು.

ಮೂರರ ಪಕ್ಕದಲ್ಲೂ ನನ್ನ ಹಸಿರು ಗುರುತಿತ್ತು. ಆ ತಪಾಸಣೆ ನಾನೇ. ನಾನು ಬರುತ್ತೇನೆಂದು ಒಬ್ಬ ಮುದುಕಿಯನ್ನು ಮರದ ಹತ್ತಿರ ಒಯ್ಯಲಿಲ್ಲ, ನರ್ಸನ್ನೂ ಕಳಿಸಲಿಲ್ಲ. ನಾನು ಬಂದು ಅದಕ್ಕೆ ಪೂರ್ತಿ ಅಂಕ ಕೊಟ್ಟೆ, ಬೇಡಿಕೊಂಡವಳ ಅನ್ನ ಕಿತ್ತುಕೊಂಡೆ.

ಆ ದಿನವೇ ವರದಿ ತಿದ್ದಿದೆ. ತಪ್ಪನ್ನು ಕಚೇರಿಯ ಮೇಲೆ ಹಾಕಿದೆ, ನನ್ನ ತಪ್ಪನ್ನೂ ಮುಚ್ಚಿಡದೆ ಬರೆದೆ. ದಾಫಿನ್ಕಾಳನ್ನು ಮತ್ತೆ ಅದೇ ಮನೆಗೆ ನೇಮಿಸಬೇಕೆಂದು ಮೇಲಿನವರ ಸಹಿ ಹಾಕಿಸಿಕೊಂಡೆ. ಅದಕ್ಕೆ ನಾಲ್ಕು ದಿನ ಹಿಡಿಯಿತು. ಸಹಿ ಕೈಗೆ ಬಂದ ಕೂಡಲೆ ಅವಳಿಗೆ ಫೋನು ಮಾಡಿದೆ.

“ನಾಳೆ ಹನ್ನೆರಡಕ್ಕೆ ವ್ಯಾನು ಮೇಡಂ,” ಎಂದಳು. “ಆಸ್ಟ್ರಿಯಾಕ್ಕೆ.”

ಮರುದಿನ ಆ ಊರಿನ ಸೂಪರ್ ಮಾರ್ಕೆಟ್ಟಿನ ಮುಂದೆ ಬಿಳಿಯ ವ್ಯಾನು ನಿಂತಿತ್ತು. ಏಳೆಂಟು ಹೆಂಗಸರು ಚೀಲ ತುಂಬಿಸುತ್ತಿದ್ದರು. ಎಲ್ಲರೂ ಅಲ್ಲಿನ ಮುದುಕ ಮುದುಕಿಯರನ್ನು ನೋಡಿಕೊಳ್ಳಲು ಹೊರಟವರೇ. ದಾಫಿನ್ಕಾ ಕೆಂಪು ಮೆಣಸಿನ ಚಟ್ನಿಯ ಶೀಸೆಗಳನ್ನು ಸ್ವೆಟರಿನಲ್ಲಿ ಸುತ್ತಿ ಇಡುತ್ತಿದ್ದಳು.

“ನಿಮ್ಮ ಮೇಲಿನ ಆರೋಪ ತೆಗೆಸಿದೀನಿ. ಸೋಮವಾರದಿಂದ ಕೆಲಸಕ್ಕೆ ಬರಬಹುದು. ವೆಲಿಕಾ ಅಜ್ಜಿ ಮನೆಗೇ,” ಎಂದು ಕಾಗದ ಚಾಚಿದೆ.

ಅವಳು ಕಾಗದವನ್ನು ನಿಧಾನವಾಗಿ ಓದಿದಳು. ನಾನು ಓದದ್ದನ್ನೆಲ್ಲ ಸೇರಿಸಿ ಓದುವ ಹಾಗೆ ಎರಡು ಸಲ ಓದಿದಳು. “ಒಳ್ಳೇದಾಯ್ತು,” ಎಂದು ನನಗೇ ವಾಪಸು ಕೊಟ್ಟಳು.

“ಬರ್ತೀರಾ?”

“ಹೇಗೆ ಬರ್ಲಿ ಮೇಡಂ? ಅಲ್ಲಿ ಒಬ್ಬ ಮುದುಕಿ ಇದಾಳೆ, ಪೂರ್ತಿ ಹಾಸಿಗೆ. ಅವಳ ಮಗಳ ರಜೆ ನಾಳೆಗೆ ಮುಗಿಯತ್ತೆ. ನಾನು ಹೋಗ್ಲಿಲ್ಲ ಅಂದ್ರೆ ಅವಳ ಬಾಯಿಗೆ ನೀರು ಬಿಡೋರಿಲ್ಲ. ಬರ್ತೀನಿ ಅಂತ ಮಾತು ಕೊಟ್ಟಿದೀನಿ. ನಿರ್ಲಕ್ಷ್ಯ ಅಂತ ನೀವು ಬರೆದಿದ್ರಿ, ಹಾಗಂತ ನಿಜವಾಗ್ಲೂ ಮಾಡ್ಲಾ?”

ನಾನು ಕಾಗದ ಮಡಚಿದೆ.

“ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳಲ್ಲ,” ಎಂದಳು. “ಇದೆ. ಬಟ್ಟೆ ಸುತ್ತಿ ಮುಚ್ಚಿದ್ದು ನನ್ನ ತಪ್ಪೇ, ಒಪ್ಕೋತೀನಿ. ದೊಡ್ಡಮ್ಮ ನಿದ್ದೆ ಮಾಡ್ತಿದ್ದಾಗ ಎರಡು ಸಲ ಕತ್ತರಿ ಹಿಡ್ಕೊಂಡು ನಿಂತೆ. ಕತ್ತರಿಸಿದ್ರೆ ಸತ್ತೋಗ್ತಾರೆ ಅಂತ ಭಯ ನಂಗೆ. ನಗಬೇಡಿ.”

“ನಗ್ತಿಲ್ಲ. ಅವರಿಗೆ ಏನು ಹೇಳಿದೀರ?”

“ಮಂಡಿ ಆಪರೇಷನ್, ನಾಲ್ಕು ವಾರ ಆಗತ್ತೆ ಅಂದೆ. ಮೊನ್ನೆಗೇ ಮುಗೀತು ನಾಲ್ಕು ವಾರ. ನೋಡೋಕೆ ಹೋಗೋಣ ಅಂದ್ಕೊಂಡೆ, ಮೆಟ್ಟಿಲ ಬುಡದ ತನಕ ಹೋದೆ, ಹತ್ತೋಕೆ ಆಗ್ಲಿಲ್ಲ.” ಕಣ್ಣೊರೆಸಿಕೊಂಡಳು. “ನೀವು ಅಲ್ಲಿಗೇ ಹೊರಟಿದೀರಲ್ಲ. ಏನೋ ಒಂದು ಹೇಳಿ. ಅವರ ಹಟದಿಂದ ನನ್ನ ಕೆಲಸ ಹೋಯ್ತು ಅಂತ ಮಾತ್ರ ಅವರಿಗೆ ಅನ್ನಿಸಬಾರದು. ಮತ್ತೆ ಸೂಪು ಎಡಗಡೆಯಿಂದ ಕುಡಿಸ್ಬೇಕು, ಬಲಗಡೆ ಗಂಟಲಿಗೆ ಹತ್ತತ್ತೆ. ನನ್ನ ಬದಲಿಗೆ ಬಂದ ಹುಡುಗಿಯರಿಗೆ ಹೇಳಿ.”

ಚಾಲಕ ಹಾರ್ನ್ ಒತ್ತಿದ. ಅವಳು ಹತ್ತಿ ಕೂತಳು. ವ್ಯಾನು ಸೇತುವೆಯ ರಸ್ತೆಗೆ ತಿರುಗುವವರೆಗೂ ನಾನು ಆ ಕಾಗದ ಹಿಡಿದುಕೊಂಡು ನಿಂತಿದ್ದೆ.

ಅಲ್ಲಿಂದ ನೇರ ವೆಲಿಕಾ ಅಜ್ಜಿಯ ಮನೆಗೆ ಹೋದೆ. ಈಗ ಮೂವರು ಹೊಸಬರು ಸರದಿಯಲ್ಲಿ ಬರುತ್ತಿದ್ದರು. ಆ ದಿನ ಸರದಿಯಲ್ಲಿದ್ದವಳು ಕೈಗವಸು ಹಾಕಿಕೊಂಡ, ಗಡಿಯಾರ ನೋಡಿ ಕೆಲಸ ಮಾಡುವ ಅಚ್ಚುಕಟ್ಟಾದ ಹೆಂಗಸು. ಸೂಪು ಎಡಗಡೆಯಿಂದ ಎಂದು ಹೇಳಿದೆ, ಬರೆದುಕೊಂಡಳು. ಹಿಮ್ಮಡಿ ಸ್ವಚ್ಛ. ಬೆನ್ನು ಸ್ವಚ್ಛ. ಮಣಿಕಟ್ಟಿನ ಗಾಯ ಚೆನ್ನಾಗಿ ಮಾಯ್ದು ಬೆಳ್ಳಗಿನ ಕಲೆ ಉಳಿದಿತ್ತು. ಬರೆಯುವುದಕ್ಕೆ ಒಂದು ತಪ್ಪೂ ಇರಲಿಲ್ಲ. ಆ ಹೆಂಗಸು ಸೂಪು ಬಿಸಿ ಮಾಡಲು ಒಳಗೆ ಹೋದಳು.

“ಕತ್ತರಿಯವಳು ನೀನೇ ಅಲ್ವಾ?” ಎಂದಳು ಅಜ್ಜಿ. ದನಿ ಅರ್ಧಕ್ಕೆ ಇಳಿದಿತ್ತು.

“ನಾನೇ ಅಜ್ಜಿ.”

“ಒಂದು ತಿಂಗಳಿಂದ ನಿನಗೇ ಕಾಯ್ತಿದೀನಿ. ಈ ಹುಡುಗಿಯರಿಗೆ ಹೇಳಿದ್ರೆ ಉಪಯೋಗ ಇಲ್ಲ. ಕೂತ್ಕೋ. ಪೆನ್ನು ತೆಗಿ.”

“ಯಾಕಜ್ಜಿ?”

“ಮಂಡಿ ಆಪರೇಷನ್ ಅಂತೆ. ದಿನಕ್ಕೆ ಎರಡು ಸಲ ನಾಲ್ಕು ಮಹಡಿ ಹತ್ತಿದ ಮಂಡಿ ಅದು. ನೀವು ಅವಳನ್ನ ಓಡಿಸಿದ್ರಿ, ನಂಗೇನು ಗೊತ್ತಾಗಲ್ವಾ. ಬರ್ಕೋ.” ಉಸಿರು ಎಳೆದುಕೊಂಡು ಒಂದೊಂದೇ ಮಾತು ಹೇಳತೊಡಗಿದಳು. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡದ್ದೆಂದು ಕೇಳಿದರೇ ತಿಳಿಯುತ್ತಿತ್ತು. “ನಾನು ವೆಲಿಕಾ, ಬಂದರಿನ ಕ್ರೇನ್ ಚಾಲಕಿ, ಬುದ್ಧಿ ಸರಿಯಿದ್ದು ಹೇಳ್ತಿರೋದು. ದಾರ ಬಿಚ್ಚೋಕೆ ಬಿಡದೇ ಇದ್ದೋಳು ನಾನೇ. ದಾಫಿನ್ಕಾ ದಿನಾ ಬೇಡ್ಕೊಂಡ್ಲು. ನಾನು ಬೈದೆ. ಒಂದ್ಸಲ ಕೈಗೆ ಹೊಡೆದೆ. ತಪ್ಪು ಪೂರ್ತಿ ನಂದು. ಅವಳನ್ನ ವಾಪಸ್ ಕಳಿಸಿ. ಇನ್ಮೇಲೆ ನಾನು ಯಾವ ದಾರನೂ ಕಟ್ಟಿಸ್ಕೊಳ್ಳಲ್ಲ. ಮರ ತೋರ್ಸಿ ಅಂತ ಕೇಳಲ್ಲ. ಬರೆದ್ಯಾ ಅದನ್ನ? ಮರ ಕೇಳಲ್ಲ ಅಂತ ಬರಿ.”

ಬರೆದೆ. ಅಕ್ಷರಗಳು ಕಾಣುತ್ತಿರಲಿಲ್ಲ, ಆದರೂ ಬರೆದೆ. ಅವಳು ಪೆನ್ನು ಇಸಿದುಕೊಂಡು, ನಾಲಿಗೆಯ ತುದಿ ಕಚ್ಚಿ, ಬಹಳ ಹೊತ್ತು ತೆಗೆದುಕೊಂಡು ಪೂರ್ತಿ ಹೆಸರಿನ ಸಹಿ ಹಾಕಿದಳು.

“ಸಾಕಾ? ಈಗ ಬರ್ತಾಳಲ್ವಾ?”

ಸುಳ್ಳು ಹೇಳಬಹುದಿತ್ತು. ಮಂಡಿ ಇನ್ನೂ ವಾಸಿಯಾಗಿಲ್ಲ ಎಂದರೆ ಆಗುತ್ತಿತ್ತು. ಆದರೆ ಆ ಸುಳ್ಳನ್ನು ನಂಬಿಕೊಂಡು ಅವಳು ಪ್ರತಿ ಬೆಳಿಗ್ಗೆ, ಪ್ರತಿ ಮಧ್ಯಾಹ್ನ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದಳು, ಸಾಯುವವರೆಗೆ. ಅದನ್ನು ನೆನೆದು ನನಗೆ ತಡೆಯಲಾಗಲಿಲ್ಲ.

“ತಪ್ಪು ನಿಮ್ಮದಲ್ಲ ಅಜ್ಜಿ. ನಂದು. ನಿಮ್ಮನ್ನ ಮರದ ಹತ್ರ ಕರ್ಕೊಂಡು ಹೋಗೋಕೆ ಅವಳು ಮೂರು ಸಲ ಬರ್ಕೊಟ್ಟಿದ್ಲು. ನಾನು ಓದದೇನೇ ಗುರುತು ಹಾಕ್ದೆ. ಅವಳು ಇವತ್ತು ಮಧ್ಯಾಹ್ನ ಆಸ್ಟ್ರಿಯಾಕ್ಕೆ ಹೋದ್ಲು.”

“ಬರಲ್ವಾ?”

“ಬರಲ್ಲ ಅಜ್ಜಿ.”

“ನಾನು ಸಹಿ ಹಾಕಿದ್ರೂ?”

“ಹಾಕಿದ್ರೂ.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಮತ್ತೆ ನೀನ್ಯಾಕೆ ಬಂದೆ?”

“ನೋಡ್ಕೊಂಡು ಹೋಗೋಣ ಅಂತ.”

“ನೋಡಾಯ್ತಲ್ಲ,” ಎಂದಳು.

ಹೊಸ ಹೆಂಗಸು ಸೂಪು ತಂದು ಎಡಗಡೆ ಕೂತಳು. ಅಜ್ಜಿ ಪ್ರತಿ ಚಮಚಕ್ಕೂ ಬಾಯಿ ತೆರೆದಳು, ನುಂಗಿದಳು, ಮತ್ತೆ ತೆರೆದಳು. ಬಿಸಿಯೆಂದು ಬೈಯಲಿಲ್ಲ, ಉಪ್ಪು ಕಮ್ಮಿಯೆಂದು ಕೊಂಕು ತೆಗೆಯಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.